ಮೂಳೆ ಉಳಿಸುವ ಮದ್ದು ಮತ್ತು ಮೂಳೆ ಕಸಿ



ಈ ಸಲದ ಆರೋಗ್ಯ ಪಾಠ ಹುಟ್ಟಿದ್ದು ಒಂದು ಸಾಲದ ಅರ್ಜಿಯಿಂದ. ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯದ ಹಣ ಎಣಿಸಿ ಆದ ಮೇಲೆ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತರು. ಎಡಗೈ ಪಟ್ಟಿಯಲ್ಲಿ ತೂಗಿಕೊಂಡಿತ್ತು. ಬಚ್ಚಲಲ್ಲಿ ಜಾರಿ ಮುಂಗೈ ಮೂಳೆ ಮುರಿದು ಏಳು ತಿಂಗಳು ಕಳೆದಿದೆ, ಪ್ಲೇಟ್ ಹಾಕಿದರೂ ಕೂಡಿಕೊಂಡಿಲ್ಲ. ಸೊಂಟದಿಂದ ಸ್ವಲ್ಪ ಮೂಳೆ ತೆಗೆದು ಅಲ್ಲಿ ಕಸಿ ಮಾಡಬೇಕು ಅಂತ ಡಾಕ್ಟರು ಹೇಳಿದ್ದಾರೆ, ಅದಕ್ಕೆ ಸಾಲ ಬೇಕು ಅಂದರು.

ಆಗ ಪಕ್ಕದಲ್ಲಿ ಕೂತಿದ್ದವರು ಕೇಳಿದರು: "ಅಕ್ಕಾ, ಮೂಳೆ ಗಟ್ಟಿಯಾಗ್ಲಿಕ್ಕೆ ನೀವು ವರ್ಷಕ್ಕೊಂದು ಡ್ರಿಪ್ ಹಾಕಿಸ್ಕೊಳ್ತಿದ್ರಲ್ಲ, ಅದನ್ನ ಈ ಡಾಕ್ಟರಿಗೆ ಹೇಳಿದ್ರಾ?"

"ಇಲ್ಲಪ್ಪ, ಅದೇನು ದಿನಾ ತಗೊಳ್ಳೋ ಮಾತ್ರೆಯಾ? ಅದು ಬೇರೆ ಆಸ್ಪತ್ರೆಯಲ್ಲಿ. ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಅಷ್ಟಕ್ಕೇ ಸಭೆಯಲ್ಲಿ ಎರಡು ಪಕ್ಷ ಆಯಿತು. ಆ ಮದ್ದು ಮೈಯಲ್ಲಿದ್ದರೆ ಕಸಿ ಹಿಡಿಯುವುದೇ ಇಲ್ಲ, ಇವತ್ತೇ ಬಿಡಿ ಅಂತ ಕೆಲವರು. ಬಿಟ್ಟರೆ ಇನ್ನೊಂದು ಮೂಳೆ ಮುರಿಯುತ್ತದೆ ಅಂತ ಉಳಿದವರು. ನಮ್ಮನ್ನು ಕೇಳಿದರು. ನಮಗೂ ಆ ಹೊತ್ತಿಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ ಅಂತ ಒಪ್ಪಿಕೊಳ್ಳುತ್ತೇವೆ. ಆಮೇಲೆ ಓದಿದೆವು, ತಿಳಿದವರನ್ನು ಕೇಳಿದೆವು. ಎರಡೂ ಪಕ್ಷದ ಮಾತಿನಲ್ಲಿ ಸ್ವಲ್ಪ ಸ್ವಲ್ಪ ಸತ್ಯ ಇದೆ. ಅದು ಎಷ್ಟು ಅನ್ನುವುದೇ ಈ ಪಾಠ.

ಮೂಳೆಯ ಜಮಾ ಖರ್ಚು

ಮೂಳೆ ಅಂದರೆ ಕಲ್ಲಿನ ಕಂಬದ ಹಾಗೆ ಒಮ್ಮೆ ನೆಟ್ಟು ಬಿಟ್ಟದ್ದು ಅಂತ ನಾವು ತಿಳಿದಿರುತ್ತೇವೆ. ಹಾಗಲ್ಲ. ಅದರಲ್ಲಿ ಜೀವ ಇದೆ, ರಕ್ತ ಓಡಾಡುತ್ತದೆ. ಹಳೇ ಮೂಳೆಯನ್ನು ಕರಗಿಸಿ ತೆಗೆಯುವ ಜೀವಕಣಗಳು ಒಂದು ಗುಂಪು, ಹೊಸ ಮೂಳೆಯನ್ನು ಕಟ್ಟುವ ಜೀವಕಣಗಳು ಇನ್ನೊಂದು ಗುಂಪು. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಹತ್ತು ಭಾಗ ಮೂಳೆ ಹೀಗೆ ಹೊಸದಾಗುತ್ತಾ ಇರುತ್ತದೆ. ಈ ಪಾಠಕ್ಕೆ ನಾವು ಅವುಗಳನ್ನು "ಕೀಳುವ ಕಣ", "ಕಟ್ಟುವ ಕಣ" ಅಂತ ಕರೆಯೋಣ.

ನಮ್ಮ ಸಂಘದ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ, ಚಿಕ್ಕ ವಯಸ್ಸಿನಲ್ಲಿ ಜಮೆ ಹೆಚ್ಚು, ಖರ್ಚು ಕಡಿಮೆ. ಮೂವತ್ತರ ಹೊತ್ತಿಗೆ ಎರಡೂ ಸಮ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹಾರ್ಮೋನು ಇಳಿದು ಹೋಗುತ್ತದೆ, ಕೀಳುವ ಕಣಗಳಿಗೆ ಕಡಿವಾಣ ಇಲ್ಲದಂತಾಗುತ್ತದೆ, ಖರ್ಚು ಜಾಸ್ತಿ. ಗರ್ಭಕೋಶದ ಆಪರೇಶನ್ ಸಮಯದಲ್ಲಿ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಈ ಖರ್ಚು ಇನ್ನೂ ಬೇಗ ಶುರುವಾಗುತ್ತದೆ. ನಮ್ಮ ಸಂಘಗಳಲ್ಲಿ ನಲವತ್ತು ತುಂಬುವ ಮೊದಲೇ ಆ ಆಪರೇಶನ್ ಆದವರು ಇದ್ದಾರೆ, ಅವರು ಈ ಸಾಲನ್ನು ಎರಡು ಸಲ ಓದಬೇಕು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ಮಂಡಿ ಸವೆದು ನೋಯುವುದಕ್ಕೂ "ಮೂಳೆ ಸವೆತ" ಅನ್ನುತ್ತಾರೆ, ಮೂಳೆ ಒಳಗೊಳಗೇ ಟೊಳ್ಳಾಗುವುದಕ್ಕೂ "ಮೂಳೆ ಸವೆತ" ಅನ್ನುತ್ತಾರೆ. ಮೊದಲನೆಯದು ಕೀಲಿನ ತೊಂದರೆ. ಎರಡನೆಯದು ಆಸ್ಟಿಯೋಪೊರೋಸಿಸ್. ಅದು ನೋಯುವುದಿಲ್ಲ, ಮುರಿದಾಗಲೇ ಗೊತ್ತಾಗುವುದು. ಈ ಪಾಠದ ಮದ್ದುಗಳು ಎರಡನೆಯದಕ್ಕೆ. ಪಕ್ಕದ ಮನೆಯವರ ಮಂಡಿ ನೋವಿಗೆ ನಿಮ್ಮ ಮಾತ್ರೆ ಕೊಟ್ಟರೆ ಉಪಯೋಗವಿಲ್ಲ.

ಈ ಮದ್ದುಗಳು ಯಾವುವು?

ಹೆಚ್ಚಾಗಿ ಬರೆದು ಕೊಡುವುದು ಬಿಸ್‌ಫಾಸ್ಫೊನೇಟ್ ಅನ್ನುವ ಗುಂಪಿನವು. ಅಲೆಂಡ್ರೊನೇಟ್ ಸಾಮಾನ್ಯವಾಗಿ ವಾರಕ್ಕೆ ಒಂದೇ ಮಾತ್ರೆ, 70 ಮಿಲಿಗ್ರಾಂ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಬೇಕು. ಕಾಫಿ ಚಹಾದಲ್ಲಿ ಅಲ್ಲ. ನುಂಗಿ ಅರ್ಧ ಗಂಟೆ ಮಲಗಬಾರದು, ತಿನ್ನಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೆ ನುಂಗಿದರೆ ಈ ಮದ್ದು ಮೈಗೆ ಹತ್ತುವುದಿಲ್ಲ. ವಾರದ ಮಾತ್ರೆಯನ್ನು ದಿನಾ ತಿಂದವರೂ ಇದ್ದಾರೆ. ಸಂಘದ ಸಭೆಯ ದಿನವನ್ನೇ ಮಾತ್ರೆಯ ದಿನ ಮಾಡಿಕೊಂಡರೆ ಮರೆಯುವುದಿಲ್ಲ.

ಜೋಲೆಡ್ರೊನಿಕ್ ಆಸಿಡ್ ಅದೇ ಗುಂಪಿನದು, ವರ್ಷಕ್ಕೆ ಒಮ್ಮೆ 5 ಮಿಲಿಗ್ರಾಂ ಡ್ರಿಪ್‌ನಲ್ಲಿ ಕೊಡುತ್ತಾರೆ. ನಮ್ಮ ಅಕ್ಕ ಹಾಕಿಸಿಕೊಂಡದ್ದು ಇದನ್ನು. ಡೆನೋಸುಮ್ಯಾಬ್ ಬೇರೆ ಜಾತಿಯದು, ಆರು ತಿಂಗಳಿಗೊಮ್ಮೆ ಚರ್ಮದಡಿಗೆ ಇಂಜೆಕ್ಷನ್. ದಾರಿ ಬೇರೆ ಬೇರೆಯಾದರೂ ಕೆಲಸ ಒಂದೇ: ಕೀಳುವ ಕಣವನ್ನು ಸುಮ್ಮನಿರಿಸುವುದು. ಖರ್ಚಿಗೆ ತಡೆ ಹಾಕುವುದು ಅಂತ ಇಟ್ಟುಕೊಳ್ಳಿ. ಇದರಿಂದ ಬೆನ್ನುಮೂಳೆ, ಸೊಂಟದ ಮೂಳೆ ಮುರಿಯುವುದು ಕಡಿಮೆಯಾಗುತ್ತದೆ. ಸೊಂಟ ಮುರಿದು ಹಾಸಿಗೆ ಹಿಡಿದವರನ್ನು ನೋಡಿಕೊಂಡ ಸೊಸೆಯರಿಗೆ ಆ ಉಪಕಾರ ಎಷ್ಟು ದೊಡ್ಡದು ಅಂತ ನಾವು ಹೇಳಬೇಕಾಗಿಲ್ಲ.

ಟೆರಿಪ್ಯಾರಟೈಡ್ ಅಂತ ಇನ್ನೊಂದಿದೆ. ಅದು ತಡೆಯುವ ಮದ್ದಲ್ಲ, ಕಟ್ಟುವ ಕಣಕ್ಕೆ ಹುರುಪು ಕೊಡುವ ಮದ್ದು. ದಿನಾ ಚುಚ್ಚಿಕೊಳ್ಳಬೇಕು, ದುಬಾರಿ.

ಗಿಡದ ಕಸಿಗೂ ಮೂಳೆ ಕಸಿಗೂ ಏನು ವ್ಯತ್ಯಾಸ?

ಮಾವಿನ ಕಸಿ, ಗೇರಿನ ಕಸಿ ನಮಗೆ ಗೊತ್ತು. ಅಲ್ಲಿ ಕಟ್ಟಿದ ಕಡ್ಡಿ ಜೀವಂತ ಉಳಿದು ತಾನೇ ಚಿಗುರುತ್ತದೆ. ಮೂಳೆ ಕಸಿ ಹಾಗಲ್ಲ. ಸೊಂಟದ ಏಣಿನಿಂದ ತೆಗೆದು ತಂದಿಟ್ಟ ಮೂಳೆಯ ಚೂರಿನಲ್ಲಿ ಬಹುಪಾಲು ಜೀವಕಣಗಳು ಸತ್ತು ಹೋಗುತ್ತವೆ, ಯಾಕೆಂದರೆ ಅದರ ರಕ್ತದ ದಾರಿ ಕಡಿದು ಹೋಗಿದೆ. ಬೇರೆಯವರ ಮೂಳೆಯನ್ನು ಮೂಳೆ ಬ್ಯಾಂಕಿನಿಂದ ತಂದು ಹಾಕಿದರಂತೂ ಅದರಲ್ಲಿ ಜೀವವೇ ಇರುವುದಿಲ್ಲ. ಹಾಗಾದರೆ ಅದು ಮಾಡುವ ಕೆಲಸ ಏನು?

ತಾರಸಿ ಹಾಕುವಾಗ ಸೆಂಟ್ರಿಂಗ್ ಕಟ್ಟುತ್ತಾರಲ್ಲ, ಹಾಗೆ. ಕಸಿ ಮೂಳೆ ಜಾಗ ಹಿಡಿದು ನಿಲ್ಲುತ್ತದೆ. ಸುತ್ತಲಿನಿಂದ ಸಣ್ಣ ರಕ್ತನಾಳಗಳು ಅದರೊಳಕ್ಕೆ ನುಗ್ಗುತ್ತವೆ. ಕೀಳುವ ಕಣಗಳು ಬಂದು ಸತ್ತ ಮೂಳೆಯನ್ನು ಚೂರು ಚೂರೇ ತೆಗೆಯುತ್ತವೆ, ಅವುಗಳ ಹಿಂದೆಯೇ ಕಟ್ಟುವ ಕಣಗಳು ಬಂದು ನಮ್ಮದೇ ಹೊಸ ಮೂಳೆಯನ್ನು ಇಡುತ್ತವೆ. ಇದು ತಿಂಗಳುಗಟ್ಟಲೆ, ದೊಡ್ಡ ಕಸಿಯಾದರೆ ವರ್ಷಗಟ್ಟಲೆ ನಡೆಯುವ ಕೆಲಸ. ತಂದಿಟ್ಟದ್ದರಲ್ಲಿ ಕೊನೆಗೆ ಉಳಿಯುವುದು ಸ್ವಲ್ಪ, ಬಾಕಿ ಎಲ್ಲಾ ಹೊಸದು.

ಈಗ ಪ್ರಶ್ನೆ ಎಲ್ಲಿದೆ ಅಂತ ನಿಮಗೇ ಹೊಳೆದಿರಬಹುದು. ಕಸಿ ಹಿಡಿಯಬೇಕಾದರೆ ಕೀಳುವ ಕಣವೂ ಕೆಲಸ ಮಾಡಬೇಕು. ಮದ್ದು ಆ ಕಣವನ್ನೇ ಸುಮ್ಮನಿರಿಸುತ್ತದೆ. ಹಾಗಾದರೆ ಕಸಿ ಹಿಡಿಯುತ್ತದೆಯೇ?

ಸೆಂಟ್ರಿಂಗ್ ಬೇಗ ಬಿಚ್ಚಿದರೂ ಕಷ್ಟ, ಬಿಚ್ಚದೆ ಇದ್ದರೂ ಕಷ್ಟ

ಹೊಸ ಮೂಳೆ ಗಟ್ಟಿಯಾಗುವ ಮೊದಲೇ ಕೀಳುವ ಕಣಗಳು ಕಸಿಯನ್ನು ತಿಂದು ಮುಗಿಸಿದರೆ ಕಸಿ ಕುಸಿಯುತ್ತದೆ. ಇದು ನಿಜವಾಗಿ ಆಗುವ ತೊಂದರೆ. ಅಲ್ಲಿ ಈ ಮದ್ದು ಉಪಕಾರಿ, ಸೆಂಟ್ರಿಂಗ್ ಬೇಗ ಬಿಚ್ಚದಂತೆ ತಡೆಯುತ್ತದೆ. ಸ್ವೀಡನ್ ದೇಶದ ಮೂಳೆ ತಜ್ಞ ಪೆರ್ ಆಸ್ಪೆನ್‌ಬರ್ಗ್ ಮತ್ತು ಜೊತೆಗಾರರು ಇದರ ಮೇಲೆ ಬಹಳ ವರ್ಷ ಕೆಲಸ ಮಾಡಿದರು. ಸೊಂಟದ ಕೃತಕ ಕೀಲು ಸಡಿಲವಾಗಿ ಮತ್ತೆ ಹಾಕಬೇಕಾದ ರೋಗಿಗಳಲ್ಲಿ, ಪುಡಿ ಮಾಡಿದ ಕಸಿ ಮೂಳೆಯನ್ನು ಬಿಸ್‌ಫಾಸ್ಫೊನೇಟ್ ನೀರಿನಲ್ಲಿ ಅದ್ದಿ ತೆಗೆದು ಹಾಕಿ ನೋಡಿದರು. 2006ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಹಾಗೆ ಅದ್ದಿದ ಕಸಿ ಕರಗಿ ಹೋಗದೆ ಉಳಿಯಿತು.

ಹಾಗಾದರೆ ಎಲ್ಲಾ ಕಸಿಯನ್ನೂ ಮದ್ದಿನಲ್ಲಿ ಅದ್ದಿದರಾಯಿತಲ್ಲ? ಇಲ್ಲ. ಮರು ವರ್ಷವೇ, 2007ರಲ್ಲಿ, ಡೆನ್ಮಾರ್ಕಿನ ತಂಡ ನಾಯಿಗಳ ಮೇಲೆ ಮಾಡಿದ ಪ್ರಯೋಗದ ಫಲ ಬಂತು. ಮದ್ದಿನಲ್ಲಿ ನೆನೆಸಿದ ಕಸಿ ಹಾಕಿದ ಕಡೆ ಹೊಸ ಮೂಳೆ ಸರಿಯಾಗಿ ಬೆಳೆಯಲಿಲ್ಲ, ಹಾಕಿದ ಲೋಹದ ಹಿಡಿತವೂ ಕಡಿಮೆಯಾಯಿತು. ಮದ್ದು ಅತಿಯಾದರೆ ಕಟ್ಟುವ ಕಣಕ್ಕೂ ಅದು ವಿಷವೇ. ಅಡುಗೆಯ ಉಪ್ಪಿನ ಹಾಗೆ ಇಲ್ಲಿ ಅಳತೆಯೇ ಮುಖ್ಯ.

ಇದು ಕಸಿಯ ಮೇಲೆ ನೇರ ಹಚ್ಚುವ ಮಾತಾಯಿತು. ನಾವು ನುಂಗುವ ಮಾತ್ರೆಯ ವಿಷಯ? ಬೆನ್ನುಮೂಳೆಯ ಎರಡು ಎಲುಬುಗಳನ್ನು ಕಸಿ ಹಾಕಿ ಬೆಸೆಯುವ ಆಪರೇಶನ್ ಇದೆ. ಇಲಿಗಳಲ್ಲಿ ಅಲೆಂಡ್ರೊನೇಟ್ ಕೊಟ್ಟಾಗ ಬೆಸುಗೆ ಹಿಂದೆ ಬಿತ್ತು ಅಂತ ಕೆಲವು ವರದಿಗಳು ಹೇಳಿದವು, ವೈದ್ಯರಿಗೆ ಹೆದರಿಕೆ ಹುಟ್ಟಿದ್ದು ಅಲ್ಲಿಂದ. ಆದರೆ ಮನುಷ್ಯರಲ್ಲಿ ನೋಡಿದಾಗ ಚಿತ್ರ ಬೇರೆ. ಜಪಾನಿನಲ್ಲಿ ಟೊಳ್ಳು ಮೂಳೆಯ 40 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಶನ್ ನಂತರ ಅಲೆಂಡ್ರೊನೇಟ್, ಇನ್ನೊಂದಕ್ಕೆ ವಿಟಮಿನ್ ಡಿ ಕೊಟ್ಟರು. 2011ರ ಆ ವರದಿಯಲ್ಲಿ ಅಲೆಂಡ್ರೊನೇಟ್ ಗುಂಪಿನ ನೂರಕ್ಕೆ 95 ಮಂದಿಗೆ ಬೆಸುಗೆ ಗಟ್ಟಿಯಾಗಿತ್ತು, ಇನ್ನೊಂದರಲ್ಲಿ ನೂರಕ್ಕೆ 65. ಜನ ಕಡಿಮೆ, ಆದರೂ "ಮದ್ದಿದ್ದರೆ ಕಸಿ ಹಿಡಿಯೋದೇ ಇಲ್ಲ" ಅನ್ನುವ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಅದೇ ದೇಶದ ಇನ್ನೊಂದು ವರದಿ 2012ರದ್ದು. ಮುಟ್ಟು ನಿಂತ 57 ಹೆಂಗಸರಲ್ಲಿ ತಡೆಯುವ ಮದ್ದನ್ನೂ ಕಟ್ಟುವ ಮದ್ದನ್ನೂ ಹೋಲಿಸಿದರು. ತಡೆಯುವ ಮದ್ದಿನವರಲ್ಲಿ ನೂರಕ್ಕೆ 68, ಟೆರಿಪ್ಯಾರಟೈಡ್ ಪಡೆದವರಲ್ಲಿ ನೂರಕ್ಕೆ 82 ಬೆಸುಗೆ. ಸಮಯವೂ ಸರಾಸರಿ ಹತ್ತು ತಿಂಗಳ ಬದಲು ಎಂಟು ತಿಂಗಳು. ಅಂದರೆ ತಡೆಯುವ ಮದ್ದು ಕಸಿಯನ್ನು ಕೆಡಿಸುವುದಿಲ್ಲ, ಆದರೆ ಕಸಿಗೆ ಹುರುಪು ಕೊಡುವುದು ಕಟ್ಟುವ ಮದ್ದು.

ಸಾಮಾನ್ಯ ಮುರಿತದ ವಿಷಯದಲ್ಲಿ ಇನ್ನೂ ದೊಡ್ಡ ಆಧಾರ ಇದೆ. ಸೊಂಟ ಮುರಿದು ಆಪರೇಶನ್ ಆದ 2127 ಮಂದಿಯ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಮೂರು ತಿಂಗಳೊಳಗೆ ಜೋಲೆಡ್ರೊನಿಕ್ ಡ್ರಿಪ್, ಅರ್ಧ ಜನಕ್ಕೆ ಬರೀ ನೀರಿನ ಡ್ರಿಪ್. ಮದ್ದು ಪಡೆದವರಲ್ಲಿ ಮತ್ತೆ ಮೂಳೆ ಮುರಿದದ್ದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಯಿತು, ಸತ್ತವರ ಸಂಖ್ಯೆಯೂ ಕಡಿಮೆ. ಮುರಿದದ್ದು ಕೂಡಿಕೊಳ್ಳುವುದು ತಡವಾಗಲಿಲ್ಲ. ಮುರಿದ ಕೂಡಲೇ ಕೊಡುವ ಬದಲು ಎರಡು ವಾರ ಕಳೆದು ಕೊಟ್ಟದ್ದು ಹೆಚ್ಚು ಫಲ ಕೊಟ್ಟಿತು ಅಂತಲೂ ಆಮೇಲೆ ಕಂಡುಬಂತು.

ದವಡೆಯ ಕಥೆ ಬೇರೆ

ಮೇಲಿನದನ್ನೆಲ್ಲಾ ಓದಿ ಧೈರ್ಯ ಬಂದಿದ್ದರೆ ಒಳ್ಳೆಯದೇ. ಆದರೆ ಬಾಯಿಯ ಒಳಗೆ ಕಸಿ, ಹಲ್ಲು ಕೀಳಿಸುವುದು, ಸ್ಕ್ರೂ ಹಾಕಿ ಹಲ್ಲು ಕೂರಿಸುವುದು ಬಂದಾಗ ಲೆಕ್ಕ ಬದಲಾಗುತ್ತದೆ.

ಇದಕ್ಕೆ ಹಳೆಯ ಒಂದು ಕಥೆ ಇದೆ, ಹೆಂಗಸರದ್ದೇ. ಹತ್ತೊಂಬತ್ತನೇ ಶತಮಾನದಲ್ಲಿ ಬೆಂಕಿಕಡ್ಡಿ ಮಾಡಲು ಬಿಳಿ ರಂಜಕ ಬಳಸುತ್ತಿದ್ದರು. ಕಾರ್ಖಾನೆಯಲ್ಲಿ ಅದರ ಹೊಗೆ ಕುಡಿದು ಕೆಲಸದವರ ದವಡೆ ಮೂಳೆ ಕೊಳೆಯುತ್ತಿತ್ತು. ಅವರಲ್ಲಿ ಬಹಳ ಮಂದಿ ಹುಡುಗಿಯರು. 1888ರಲ್ಲಿ ಲಂಡನ್ನಿನ ಬೆಂಕಿಕಡ್ಡಿ ಕಾರ್ಖಾನೆಯ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ನಿಲ್ಲಿಸಿ ಹೊರಗೆ ಬಂದರು. ವಿಷ ಬೀಳುವ ಜಾಗದಲ್ಲಿ ಕೂತು ಉಣ್ಣಲು ಆಗದು, ಊಟಕ್ಕೆ ಬೇರೆ ಕೋಣೆ ಕೊಡಿ ಅನ್ನುವುದು ಅವರ ಬೇಡಿಕೆಗಳಲ್ಲಿ ಒಂದು. ಅವರು ಗೆದ್ದರು. ಬಿಳಿ ರಂಜಕದ ಬೆಂಕಿಕಡ್ಡಿ ನಿಲ್ಲಿಸುವ ಕಾನೂನು ನಮ್ಮ ದೇಶದಲ್ಲಿ 1913ರಲ್ಲಿ ಬಂತು.

ಆ ರೋಗ ಮರೆತೇ ಹೋಗಿತ್ತು. 2003ರಲ್ಲಿ ಅಮೆರಿಕದ ದವಡೆ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ತಾವು ಕಂಡ 36 ರೋಗಿಗಳ ಬಗ್ಗೆ ಬರೆದರು. ದವಡೆ ಮೂಳೆ ವಸಡಿನಿಂದ ಹೊರಗೆ ಕಾಣುತ್ತಿದೆ, ಹುಣ್ಣು ಒಣಗುತ್ತಿಲ್ಲ. ಅವರೆಲ್ಲರೂ ಬಿಸ್‌ಫಾಸ್ಫೊನೇಟ್ ಡ್ರಿಪ್ ಪಡೆದವರು. ಈ ಮದ್ದಿನಲ್ಲೂ ರಂಜಕದ ಅಂಶ ಇದೆ ಅನ್ನುವುದನ್ನು ಗಮನಿಸಿ.

ದವಡೆಯೇ ಯಾಕೆ? ದಿನಾ ಅಗಿಯುವ ಒತ್ತಡಕ್ಕೆ ದವಡೆ ಮೂಳೆ ಉಳಿದ ಮೂಳೆಗಿಂತ ಬೇಗ ಬೇಗ ಹೊಸದಾಗಬೇಕು. ಮೇಲೆ ಇರುವುದು ತೆಳ್ಳಗಿನ ವಸಡು ಮಾತ್ರ. ಬಾಯಲ್ಲಿ ಕ್ರಿಮಿಗಳಿಗೆ ಬರವಿಲ್ಲ. ಹಲ್ಲು ಕಿತ್ತ ಗುಳಿಯಲ್ಲಿ ಸತ್ತ ಮೂಳೆಯನ್ನು ತೆಗೆದು ಹಾಕುವ ಕಣ ಸುಮ್ಮನಿದ್ದರೆ ಅದು ಹಾಗೇ ಉಳಿದು ಕೀವಾಗುತ್ತದೆ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಟೊಳ್ಳು ಮೂಳೆಗೆ ಈ ಮದ್ದು ತಗೊಳ್ಳುವವರಲ್ಲಿ ಹೀಗಾಗುವುದು ಹತ್ತು ಸಾವಿರಕ್ಕೆ ಎರಡರಿಂದ ಐದು ಮಂದಿಗೆ ಅಂತ ಅಮೆರಿಕದ ದವಡೆ ಶಸ್ತ್ರವೈದ್ಯರ ಸಂಘ 2022ರಲ್ಲಿ ಹೇಳಿದೆ. ಕ್ಯಾನ್ಸರ್ ಮೂಳೆಗೆ ಇಳಿದಾಗ ಇದೇ ಮದ್ದನ್ನು ತಿಂಗಳು ತಿಂಗಳು ಕೊಡುತ್ತಾರೆ, ಅವರಲ್ಲಿ ಅಪಾಯ ಬಹಳ ಹೆಚ್ಚು, ಆದರೂ ನೂರಕ್ಕೆ ಐದಕ್ಕಿಂತ ಕಡಿಮೆ. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ವಸಡಿನ ಕಾಯಿಲೆ ಇದ್ದವರು ಹೆಚ್ಚು ಜಾಗ್ರತೆ ಮಾಡಬೇಕು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಮ್ಮಂದಿರಿಗೆ ನಾವು ಎಷ್ಟು ಸಲ ಹೇಳಿದರೂ ನಗುತ್ತಾರೆ. ತಂಬಾಕು ಕಸಿಗೂ ಕೆಟ್ಟದ್ದು, ವಸಡಿಗೂ ಕೆಟ್ಟದ್ದು.

ಮಾಡಬೇಕಾದದ್ದು ಸುಲಭ. ಮದ್ದು ಶುರು ಮಾಡುವ ಮೊದಲೇ ಹಾಳಾದ ಹಲ್ಲು ಇದ್ದರೆ ತೋರಿಸಿ ಮುಗಿಸಿಕೊಳ್ಳಿ. ಶುರುವಾದ ಮೇಲೆ ಹಲ್ಲಿನ ಶಿಬಿರಕ್ಕೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲೇ ಮದ್ದಿನ ಹೆಸರು ಹೇಳಿ. ಹಲ್ಲು ಕಿತ್ತ ಜಾಗ ಎಂಟು ವಾರವಾದರೂ ಮುಚ್ಚದೆ ಮೂಳೆ ಕಾಣುತ್ತಿದ್ದರೆ ಉಪ್ಪುನೀರು ಮುಕ್ಕಳಿಸಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ತಾವೇ ನಿಲ್ಲಿಸಿದರೆ?

ಸಭೆಯಲ್ಲಿ "ಇವತ್ತೇ ಬಿಡಿ" ಅಂದವರಿಗೆ ಎರಡು ಮಾತು. ಬಿಸ್‌ಫಾಸ್ಫೊನೇಟ್ ಮೂಳೆಗೆ ಅಂಟಿಕೊಂಡು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆಪರೇಶನ್ನಿಗೆ ಹದಿನೈದು ದಿನ ಮುಂಚೆ ಮಾತ್ರೆ ಬಿಟ್ಟರೆ ಮೈಯಿಂದ ಅದು ಹೋಗಿ ಬಿಡುವುದಿಲ್ಲ. ಐದಾರು ವರ್ಷ ತಗೊಂಡ ಮೇಲೆ ಕೆಲವರಿಗೆ ಡಾಕ್ಟರೇ ಬಿಡುವು ಕೊಡುತ್ತಾರೆ. ಬಹಳ ವರ್ಷ ಬಿಡದೆ ತಗೊಂಡವರಲ್ಲಿ ಅಪರೂಪಕ್ಕೆ ತೊಡೆ ಮೂಳೆ ಸಣ್ಣ ಪೆಟ್ಟಿಗೇ ಮುರಿಯುವುದುಂಟು, ಮೊದಲು ತೊಡೆ ಅಥವಾ ತೊಡೆಸಂದಿ ನೋಯುತ್ತದೆ. ಅಂಥ ನೋವಿಗೆ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ, ಎಕ್ಸ್‌ರೇ ಬೇಕು.

ಆದರೆ ಡೆನೋಸುಮ್ಯಾಬ್ ಇಂಜೆಕ್ಷನ್ನಿನ ಗುಣ ತದ್ವಿರುದ್ಧ. ಅದು ಮೂಳೆಯಲ್ಲಿ ಉಳಿಯುವುದಿಲ್ಲ. ಮುಂದಿನ ಡೋಸು ತಪ್ಪಿದರೆ ಸುಮ್ಮನಿದ್ದ ಕೀಳುವ ಕಣಗಳು ಒಟ್ಟಿಗೆ ಎದ್ದು ಬಿಡುತ್ತವೆ, ಬೆನ್ನುಮೂಳೆ ಒಂದಲ್ಲ ಎರಡು ಮೂರು ಕಡೆ ಕುಸಿದವರಿದ್ದಾರೆ. ಹಲ್ಲು ಕೀಳಿಸಬೇಕು, ಕಸಿ ಮಾಡಿಸಬೇಕು ಅಂತ ಇದನ್ನು ತಾವೇ ನಿಲ್ಲಿಸುವುದು ಅಪಾಯ. ಬೇಕಾದರೆ ಎರಡು ಡೋಸಿನ ನಡುವೆ ಹೊಂದುವ ದಿನವನ್ನು ಡಾಕ್ಟರು ಗೊತ್ತು ಮಾಡುತ್ತಾರೆ.

ಆ ಅಕ್ಕನಿಗೆ ಏನಾಯಿತು

ಸಂಘದ ಇಬ್ಬರು ಅವರ ಜೊತೆ ಹೋದರು. ಡ್ರಿಪ್ ಹಾಕಿದ ಹಳೇ ಚೀಟಿ ಅಕ್ಕಿ ಡಬ್ಬದ ಕೆಳಗೆ ಸಿಕ್ಕಿತು, ಎರಡು ವರ್ಷದ್ದು ಮಾತ್ರ. ಮೂಳೆ ಡಾಕ್ಟರು ಅದನ್ನು ನೋಡಿ ಬೈಯಲಿಲ್ಲ, "ಇದನ್ನು ಮೊದಲೇ ತೋರಿಸಿದ್ದರೆ ಒಳ್ಳೇದಿತ್ತು" ಅಂದರಂತೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಬಹಳ ಕಡಿಮೆ ಇತ್ತು, ಸಕ್ಕರೆಯೂ ಏರಿತ್ತು. ಮೂಳೆ ಕೂಡದಿರಲು ಡ್ರಿಪ್ಪಿಗಿಂತ ಇವೇ ದೊಡ್ಡ ಕಾರಣ ಇರಬಹುದು ಅಂದರು. ಮೊದಲು ಅವೆರಡನ್ನೂ ಸರಿ ಮಾಡಿ, ಆ ವರ್ಷದ ಡ್ರಿಪ್ ಮುಂದೂಡಿ, ಆಮೇಲೆ ಕಸಿ ಮಾಡಿದರು. ಕಸಿ ಹಿಡಿಯಿತು, ಆದರೆ ನಿಧಾನಕ್ಕೆ. ಕೊಡಪಾನ ಎತ್ತಲು ಇನ್ನೂ ಬಲಗೈಯೇ. ಸೊಂಟದಲ್ಲಿ ಮೂಳೆ ತೆಗೆದ ಜಾಗ ಕೈಗಿಂತ ಹೆಚ್ಚು ದಿನ ನೋಯಿತು ಅಂತ ಹೇಳುತ್ತಾರೆ, ಅದನ್ನು ಯಾರೂ ಮೊದಲೇ ತಿಳಿಸಿರಲಿಲ್ಲ.

ಊಟದ ವಿಷಯ ಹಿಂದಿನ ಪಾಠಗಳಲ್ಲಿ ಬಂದಿದೆ: ರಾಗಿ, ಎಳ್ಳು, ನುಗ್ಗೆ ಸೊಪ್ಪು, ಹಾಲು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು. ಮನೆಯೊಳಗೇ ಬೀಡಿ ಕಟ್ಟುವವರು, ಹೊಲಿಯುವವರು ಸ್ವಲ್ಪ ಹೊತ್ತು ಬಿಸಿಲಿಗೆ ಬನ್ನಿ. ಕಟ್ಟುವ ಕಣಕ್ಕೆ ಸಾಮಾನು ಇಲ್ಲದಿದ್ದರೆ ಯಾವ ಮದ್ದೂ, ಯಾವ ಕಸಿಯೂ ನಡೆಯುವುದಿಲ್ಲ.

ಸಭೆಯಲ್ಲಿ ಮಾತಾಡಲು

ನಮ್ಮ ಸಂಘದಲ್ಲಿ ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಮೂಳೆಗೆ ಡ್ರಿಪ್, ಇಂಜೆಕ್ಷನ್ ತಗೊಳ್ಳುವವರು ಯಾರಿದ್ದಾರೆ? ಮುಂದಿನ ತಾರೀಕು ಅವರಿಗೆ ನೆನಪಿದೆಯೇ?

ಸಾಲದ ಪಾಸ್‌ಬುಕ್ಕಿನ ಹಾಗೆ ಪ್ರತಿಯೊಬ್ಬರೂ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಮದ್ದಿನ ಹೆಸರು, ಶುರುವಾದ ವರ್ಷ, ಕೊನೆಯ ಡೋಸಿನ ದಿನ ಬರೆದಿಡಬಹುದೇ? ಓದು ಬರಹ ಬಾರದವರಿಗೆ ಯಾರು ಬರೆದು ಕೊಡುತ್ತೀರಿ?

ಮುಂದಿನ ಹಲ್ಲಿನ ಶಿಬಿರದ ದಿನ ಈ ನೋಟ್‌ಬುಕ್ ಜೊತೆಗಿರುವಂತೆ ನೋಡಿಕೊಳ್ಳುವ ಜವಾಬ್ದಾರಿ ಯಾರದ್ದು?